ಪಾಚಿಯ ಪ್ರಾಣ ಕಾಯುವ ಲೋಹಗಳು

ಕೆರೆ, ಕಲ್ಯಾಣಿಗಳ ನೀರನ್ನು ಹಸಿರಾಗಿಸುವ ಪಾಚಿಯು ಬಿಸಿಲಿನಿಂದಲೇ ಬದುಕುತ್ತದೆ. ಆ ಬಿಸಿಲೇ ಅದಕ್ಕೆ ಅಪಾಯವನ್ನೂ ಒಡ್ಡುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ನೀರು ಒಡೆದು ಆಮ್ಲಜನಕ ಹೊರಬರುತ್ತದೆ. ಬೆಳಕು ಮಿತಿಮೀರಿದಾಗ ಕೆಲವು ಇಲೆಕ್ಟ್ರಾನುಗಳು ದಾರಿತಪ್ಪಿ ಆಮ್ಲಜನಕವನ್ನು ಸೇರುತ್ತವೆ. ಹೀಗೆ ಹುಟ್ಟುವ ಸೂಪರ್‌ಆಕ್ಸೈಡ್ ಎಂಬುದು ಜೀವಕೋಶಕ್ಕೆ ಹಾನಿಕರ.

ಇದನ್ನು ಶಮನಗೊಳಿಸುವ ಕಿಣ್ವಕ್ಕೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂದು ಹೆಸರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಅವರು 1969ರಲ್ಲಿ ಇದರ ಕಾರ್ಯವನ್ನು ಲೋಕಕ್ಕೆ ತಿಳಿಸಿದರು. ಕಿಣ್ವವೆಂದರೆ ಪ್ರೋಟೀನು, ಆದರೆ ಬರಿಯ ಪ್ರೋಟೀನಿನಿಂದ ಈ ಕಾರ್ಯ ಆಗದು. ಅದರ ಗರ್ಭದಲ್ಲಿರುವ ಲೋಹದ ಪರಮಾಣು ಇಲೆಕ್ಟ್ರಾನನ್ನು ಪಡೆದು, ಮರಳಿ ಕೊಟ್ಟು, ಸೂಪರ್‌ಆಕ್ಸೈಡನ್ನು ಆಮ್ಲಜನಕವಾಗಿಯೂ ಹೈಡ್ರೋಜನ್ ಪೆರಾಕ್ಸೈಡ್ ಆಗಿಯೂ ಮಾರ್ಪಡಿಸುತ್ತದೆ. ಈ ಪೆರಾಕ್ಸೈಡನ್ನು ಕಬ್ಬಿಣವುಳ್ಳ ಕ್ಯಾಟಲೇಸ್ ಮೊದಲಾದ ಕಿಣ್ವಗಳು ನಿವಾರಿಸುತ್ತವೆ. ಕಬ್ಬಿಣವು ಕಿಣ್ವದೊಳಗೆ ಬದ್ಧವಾಗಿದ್ದರೆ ರಕ್ಷಕ; ಬಿಡಿಯಾಗಿ ಅಲೆದರೆ ಅದೇ ಪೆರಾಕ್ಸೈಡಿನೊಡನೆ ವರ್ತಿಸಿ ಇನ್ನೂ ಘೋರವಾದ ಕಣವನ್ನು ಹುಟ್ಟಿಸುತ್ತದೆ.

ಎಲ್ಲ ಪಾಚಿಗಳೂ ಒಂದೇ ಲೋಹವನ್ನು ನೆಚ್ಚಿಕೊಂಡಿಲ್ಲ. ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯು ಕಬ್ಬಿಣವನ್ನೂ ಮ್ಯಾಂಗನೀಸನ್ನೂ ಬಳಸುತ್ತದೆ. ಕಬ್ಬಿಣದ ಅಭಾವ ಬಂದಾಗ ಅದರ ನಡೆ ಗಮನಾರ್ಹ: ಬೇರೆ ಪ್ರೋಟೀನುಗಳಲ್ಲಿದ್ದ ಕಬ್ಬಿಣವನ್ನು ಬಿಡಿಸಿ ಈ ಕಿಣ್ವಕ್ಕೆ ಒದಗಿಸುತ್ತದೆ, ಜೊತೆಗೆ ಮ್ಯಾಂಗನೀಸ್ ಆಧಾರಿತವಾದ ಮತ್ತೊಂದು ಕಿಣ್ವವನ್ನೂ ಸಿದ್ಧಪಡಿಸಿಕೊಳ್ಳುತ್ತದೆ. ಬರಗಾಲದಲ್ಲಿ ಸಂಸಾರ ತೂಗಿಸುವ ಗೃಹಿಣಿಯ ಜಾಣ್ಮೆಯಿದು ಎನ್ನಬಹುದು. ಸಾಗರದ ಪ್ರೋಕ್ಲೋರೋಕಾಕಸ್ ಎಂಬ ಸೂಕ್ಷ್ಮಜೀವಿಯದು ನಿಕಲ್. ನಮ್ಮ ದೇಹದಲ್ಲಿ ಇದೇ ಕಾರ್ಯಕ್ಕೆ ತಾಮ್ರ, ಸತು ಮತ್ತು ಮ್ಯಾಂಗನೀಸ್ ಬೇಕು.

ಹಾಗಾದರೆ ಪಾಚಿಯ ಮಾತ್ರೆ ನುಂಗಿದರೆ ಅದರ ಕಿಣ್ವ ನಮಗೂ ದೊರೆಯುವುದೇ? ಸ್ಪಿರುಲಿನಾ ಮಾರುವವರು ಹಾಗೆ ಹೇಳುವುದುಂಟು. ಆ ಮಾತನ್ನು ಒಪ್ಪಲಾಗದು. ಜಠರ ಹಾಗೂ ಕರುಳಿನಲ್ಲಿ ಅನ್ಯ ಪ್ರೋಟೀನುಗಳಂತೆ ಈ ಕಿಣ್ವವೂ ಜೀರ್ಣವಾಗಿಬಿಡುತ್ತದೆ. ದೇಹವು ತನ್ನ ಕಿಣ್ವವನ್ನು ತಾನೇ ರಚಿಸಿಕೊಳ್ಳಬೇಕು. ಆಹಾರದಿಂದ ಬರಬೇಕಾದುದು ಪ್ರೋಟೀನು ಮತ್ತು ಲೋಹಾಂಶ. ರಾಗಿಯಲ್ಲಿ ಮ್ಯಾಂಗನೀಸ್, ಎಳ್ಳಿನಲ್ಲಿ ತಾಮ್ರ ಮತ್ತು ಸತು, ಕಾಳುಗಳಲ್ಲಿ ಇವೆಲ್ಲವೂ ಇವೆ. ನಿತ್ಯದ ಊಟ ಸಮರ್ಪಕವಾಗಿದ್ದರೆ ಸಾಮಾನ್ಯವಾಗಿ ಇವುಗಳಿಗೆ ಕೊರತೆಯಾಗದು.

ಪಾಚಿಗೆ ಲೋಹವನ್ನು ಹೀರುವ ಶಕ್ತಿ ಬಹಳ. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಬೆರೆತಿದ್ದರೆ ಅವನ್ನೂ ಸೆಳೆದುಕೊಳ್ಳುತ್ತದೆ. ಆದುದರಿಂದ ಸ್ಪಿರುಲಿನಾ ಸೇವಿಸಲೇಬೇಕೆನ್ನುವವರು ಭಾರಲೋಹಗಳ ಪರೀಕ್ಷೆ ನಡೆದಿದೆಯೇ ಎಂದು ಕೇಳಿ ಕೊಳ್ಳತಕ್ಕದ್ದು. ಗರ್ಭಿಣಿಯರು ಹಾಗೂ ದೀರ್ಘಕಾಲದ ಔಷಧ ಸೇವಿಸುತ್ತಿರುವವರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು.