‘ಯಾವ ಕಾಯಿಲೆಗೆ ಯಾವ ಆಂಟಿಬಯೋಟಿಕ್’: ಈ ಪಟ್ಟಿಯನ್ನು ಫಾರ್ವರ್ಡ್ ಮಾಡಬಹುದೇ?

ಗಂಟಲು ನೋವಿಗೆ ಅಜಿತ್ರೋಮೈಸಿನ್, ಭೇದಿಗೆ ಸಿಪ್ರೋಫ್ಲಾಕ್ಸಸಿನ್, ಹಲ್ಲು ನೋವಿಗೆ ಅಮಾಕ್ಸಿಸಿಲಿನ್, ಟೈಫಾಯ್ಡ್‌ಗೆ ಸೆಫಿಕ್ಸಿಮ್... ಹೀಗೊಂದು ಪಟ್ಟಿ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಕೆಳಗೆ ‘ಸೇವ್ ಮಾಡಿಟ್ಟುಕೊಳ್ಳಿ, ಡಾಕ್ಟರ್ ಫೀಸ್ ಉಳಿಸಿ’ ಎಂಬ ಸಾಲು. ಇದು ನಿಜವೇ ಎಂದು ಕೇಳಿದರೆ ನಮ್ಮ ಉತ್ತರ: ಪಟ್ಟಿ ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೂ ಅಲ್ಲಿಯೇ.

ಇಂಥ ಪಟ್ಟಿಯನ್ನು ನರ್ಸಿಂಗ್ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಅವರ ನೋಟ್ಸಿನಲ್ಲಿ ಇನ್ನೂ ಹಲವು ಕಾಲಂ ಇರುತ್ತವೆ. ಫಾರ್ವರ್ಡ್‌ನಲ್ಲಿ ಉಳಿದಿರುವುದು ಎರಡೇ: ಕಾಯಿಲೆ, ಮಾತ್ರೆ.

ಒಂದೊಂದು ಗುಂಪಿಗೆ ಒಂದೊಂದು ಗುರಿ

ಬ್ಯಾಕ್ಟೀರಿಯಾದ ಸುತ್ತ ಒಂದು ಗಟ್ಟಿ ಗೋಡೆ ಇರುತ್ತದೆ. ನಮ್ಮ ಜೀವಕೋಶಗಳಿಗೆ ಅದಿಲ್ಲ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಕೊಂಡ ಪೆನಿಸಿಲಿನ್ ಈ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ. ಅಮಾಕ್ಸಿಸಿಲಿನ್ ಅದರ ಮನೆತನದ್ದೇ. ಸೆಫಿಕ್ಸಿಮ್, ಸೆಫ್‌ಟ್ರಯಾಕ್ಸೋನ್‌ನಂಥ ಸೆಫಲೋಸ್ಪೋರಿನ್‌ಗಳು ಹತ್ತಿರದ ನೆಂಟರು. ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್, ಜೆಂಟಮೈಸಿನ್ ಬೇರೆ ಬೇರೆ ಗುಂಪಿನವಾದರೂ ಮೂರೂ ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ಜಾಗಕ್ಕೆ ಕೈಹಾಕುತ್ತವೆ. ಸಿಪ್ರೋಫ್ಲಾಕ್ಸಸಿನ್ ಅದರ ಡಿಎನ್‌ಎ ನಕಲಾಗದಂತೆ ಮಾಡುತ್ತದೆ. ಮೆಟ್ರೋನಿಡಜೋಲ್ ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಮತ್ತು ಅಮೀಬಾಗೆ.

ವೈರಸ್‌ಗೆ ಈ ಗೋಡೆಯೂ ಇಲ್ಲ, ಸ್ವಂತ ಪ್ರೋಟೀನ್ ಕಾರ್ಖಾನೆಯೂ ಇಲ್ಲ. ಹಾಗಾಗಿ ನೆಗಡಿ, ಫ್ಲೂ, ಡೆಂಗಿಗೆ ಎಷ್ಟೇ ‘ಪವರ್’ನ ಆಂಟಿಬಯೋಟಿಕ್ ನುಂಗಿದರೂ ವೈರಸ್‌ಗೆ ಏನೂ ಆಗದು. ‘ಕಫ ಹಳದಿಯಾಗಿದೆ, ಇನ್ನು ಆಂಟಿಬಯೋಟಿಕ್ ಬೇಕೇ ಬೇಕು’ ಎನ್ನುವುದೂ ತಪ್ಪು. ನಮ್ಮದೇ ಬಿಳಿ ರಕ್ತಕಣಗಳಿಂದ ಆ ಬಣ್ಣ ಬರುತ್ತದೆ. ಸಾಮಾನ್ಯ ನೆಗಡಿಯಲ್ಲೂ ಬರುತ್ತದೆ. ಗಂಟಲು ನೋವಿನದ್ದೂ ಹೆಚ್ಚಿನ ಸಲ ಇದೇ ಕಥೆ, ಮೂಲ ವೈರಸ್ಸೇ. ಪಟ್ಟಿಯ ಮೊದಲ ಸಾಲು ಅಲ್ಲಿಗೇ ಬಿದ್ದುಹೋಯಿತು.

ಒಂದೇ ಕಾಡು, ಎರಡು ಜ್ವರ

ಮಲೆನಾಡಿನ ಉದಾಹರಣೆ ನೋಡಿ. ಕಾಡಿಗೆ ಸೌದೆ, ದರಗು ತರಲು ಹೋಗಿ ಬಂದವರಿಗೆ ಕೆಲವು ದಿನಗಳಲ್ಲಿ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ಇದು ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಬರುವ ವೈರಸ್ ಜ್ವರ ಅದು. ಅದಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ. ರಕ್ತಸ್ರಾವ, ನಿರ್ಜಲೀಕರಣದ ಮೇಲೆ ಕಣ್ಣಿಟ್ಟು ಆಸ್ಪತ್ರೆಯಲ್ಲಿ ಆರೈಕೆ ಮಾಡುವುದೇ ಚಿಕಿತ್ಸೆ.

ಅದೇ ಲಕ್ಷಣಗಳಿರುವ ಜ್ವರ ಸ್ಕ್ರಬ್ ಟೈಫಸ್ ಕೂಡ ಆಗಿರಬಹುದು. ಪೊದೆ, ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಇದು ಬ್ಯಾಕ್ಟೀರಿಯಾದ ಕಾಯಿಲೆ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಆಗಬಹುದು. ಅದೂ ಕಂಕುಳು, ತೊಡೆಸಂದಿಯಲ್ಲಿ ಅಡಗಿದ್ದು ಕಣ್ಣಿಗೇ ಬೀಳದಿರಬಹುದು. ಎಲ್ಲರಿಗೂ ಆಗುವುದೂ ಇಲ್ಲ. ಇದಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಹಬ್ಬಿ ಜೀವಕ್ಕೇ ಕುತ್ತು.

ಈಗ ಪಟ್ಟಿ ನಂಬಿ ‘ಇದು ಟೈಫಾಯ್ಡೇ ಇರಬೇಕು’ ಎಂದು ಸೆಫಿಕ್ಸಿಮ್ ನುಂಗಿದವರ ಗತಿ ಏನು? ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಕುಳಿತಿರುತ್ತದೆ, ಗೋಡೆ ಕೆಡಿಸುವ ಔಷಧಿಗೆ ಬಗ್ಗುವುದಿಲ್ಲ. ಮಾತ್ರೆ ತಗೊಂಡಿದ್ದೇವಲ್ಲ ಎಂಬ ಧೈರ್ಯದಲ್ಲಿ ಐದು ದಿನ ಕಳೆದುಹೋಗುತ್ತದೆ. ಆ ಐದು ದಿನವೇ ಇಲ್ಲಿ ಎಲ್ಲಕ್ಕಿಂತ ದುಬಾರಿ.

ಕತ್ತರಿಸಿಹೋದ ಕಾಲಂಗಳು

ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಅಮಾಕ್ಸಿಸಿಲಿನ್‌ನಿಂದ ನಿಮಿಷಗಳಲ್ಲಿ ಉಸಿರು ಕಟ್ಟಬಹುದು; ‘ಮೊದಲು ಯಾವುದಾದರೂ ಔಷಧಿ ಆಗಿಬಂದಿರಲಿಲ್ಲವಾ?’ ಎಂದು ಸಿಸ್ಟರ್ ಕೇಳುವುದು ಇದಕ್ಕೇ. ಜೆಂಟಮೈಸಿನ್ ಮೂತ್ರಪಿಂಡ ಮತ್ತು ಕಿವಿಗೆ ಪೆಟ್ಟು ಕೊಡಬಲ್ಲದು. ಸಿಪ್ರೋಫ್ಲಾಕ್ಸಸಿನ್‌ನಿಂದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯವಿದೆ. ‘ಆಂಟಿಬಯೋಟಿಕ್ ಹೀಟು’ ಎಂದು ಹಾಲು, ಮೊಸರಿನ ಜೊತೆಗೇ ಅದನ್ನು ನುಂಗುವವರಿದ್ದಾರೆ. ಹಾಲಿನ ಕ್ಯಾಲ್ಸಿಯಂ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಡಾಕ್ಸಿಸೈಕ್ಲಿನ್ ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಕೂತಿರಬೇಕು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಲೆಕ್ಕವೇ ಬೇರೆ.

ಇನ್ನೊಂದು ಸಂಗತಿ: ಪಟ್ಟಿಗಳು ಹಳತಾಗುತ್ತವೆ. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಸಿಪ್ರೋಫ್ಲಾಕ್ಸಸಿನ್ನೇ ರಾಮಬಾಣ. ಇವತ್ತು ಭಾರತದ ಹೆಚ್ಚಿನ ಟೈಫಾಯ್ಡ್ ಬ್ಯಾಕ್ಟೀರಿಯಾಗಳು ಅದಕ್ಕೆ ಜಗ್ಗುವುದಿಲ್ಲ. ಬೇಕಾದಾಗ, ಬೇಡದಾಗ ನುಂಗಿದ್ದರ ಫಲ ಇದು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜು ಹೇಳುತ್ತದೆ.

ಮನೆಯಲ್ಲಿ ಉಳಿದ ಸ್ಟ್ರಿಪ್ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಸೆಫಿಕ್ಸಿಮ್‌ನಂಥ ಹಲವು ಆಂಟಿಬಯೋಟಿಕ್‌ಗಳು 2014ರಿಂದ ಶೆಡ್ಯೂಲ್ ಎಚ್1ರಲ್ಲಿವೆ. ಮೆಡಿಕಲ್ ಶಾಪ್‌ನವರು ಕೊಂಡವರ ಹೆಸರು, ಬರೆದ ವೈದ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಗಳಲ್ಲೂ ಹೀಗೆ ನಡೆಯುತ್ತದೆಯೇ ಎಂಬುದು ನಿಮಗೇ ಗೊತ್ತು.

ಜ್ವರ ಬಂದು ಆಸ್ಪತ್ರೆಗೆ ಹೋದಾಗ ಕಾಡಿಗೆ, ಗದ್ದೆಗೆ ಹೋಗಿದ್ದಿರಾ, ಮೈಮೇಲೆ ಎಲ್ಲಾದರೂ ಕಪ್ಪು ಹಕ್ಕಳೆ ಇದೆಯಾ, ಈಗಾಗಲೇ ಯಾವ ಮಾತ್ರೆ ನುಂಗಿದ್ದೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ. ನುಂಗಿದ ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ.