ಇದ್ದಿಲು ಗ್ರಿಲ್‌ನ ಎನಾಮಲ್ ದುರಸ್ತಿ

ಇದ್ದಿಲಿನ ಕೆಂಡದ ಮೇಲೆ ಆಹಾರವನ್ನು ಸುಡಲು ಬಳಸುವ ಉಕ್ಕಿನ ಒಲೆಗೆ ಇದ್ದಿಲು ಗ್ರಿಲ್ ಎಂದು ಹೆಸರು. ಇದರ ಮೇಲಿನ ಎನಾಮಲ್ ಲೇಪನವು ಚಕ್ಕೆಯೆದ್ದಾಗ, ಬಯಲಾದ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಪಾಡುವ ಕ್ರಮವೇ ಎನಾಮಲ್ ದುರಸ್ತಿ. ಕಳಚಿಹೋದ ಲೇಪನವನ್ನು ಮನೆಯಲ್ಲಿ ಮೊದಲಿನಂತೆ ಕೂಡಿಸಲು ಸಾಧ್ಯವಿಲ್ಲ. ಆದ್ದರಿಂದ ಚಕ್ಕೆ ಎದ್ದಿರುವುದು ಹೊರಮೈಯಲ್ಲೋ, ಒಳಮೈಯಲ್ಲೋ, ಆಹಾರವಿಡುವ ಜಾಲರಿಯಲ್ಲೋ ಎಂಬುದನ್ನು ಅವಲಂಬಿಸಿ ದುರಸ್ತಿಯ ವಿಧಾನ ಬದಲಾಗುತ್ತದೆ.

ಹಿನ್ನೆಲೆ

ಅಮೆರಿಕದ ಷಿಕಾಗೊದಲ್ಲಿದ್ದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಕಾರ್ಖಾನೆಯಲ್ಲಿ, ಜಲಮಾರ್ಗದ ಗುರುತಿಗಾಗಿ ನೀರಿನಲ್ಲಿ ತೇಲಿಬಿಡುವ ಲೋಹದ ಗೋಳಗಳು ತಯಾರಾಗುತ್ತಿದ್ದವು. ಅಲ್ಲಿ ಕೆಲಸದಲ್ಲಿದ್ದ ಜಾರ್ಜ್ ಸ್ಟೀಫನ್ ಅವರು 1952ರಲ್ಲಿ ಅಂತಹ ಗೋಳವನ್ನು ಎರಡು ಹೋಳಾಗಿಸಿ, ಕೆಳಗಿನದನ್ನು ಬೋಗುಣಿಯಾಗಿಯೂ ಮೇಲಿನದನ್ನು ಮುಚ್ಚಳವಾಗಿಯೂ ಬಳಸಿ ಗುಂಡನೆಯ ಗ್ರಿಲ್ ರೂಪಿಸಿದರು. ಈ ಮಾದರಿಯ ಗ್ರಿಲ್‌ಗಳು ಮಳೆ, ಬಿಸಿಲು, ಬೂದಿಗಳನ್ನು ತಾಳಿಕೊಳ್ಳಲು ಅವುಗಳ ಎನಾಮಲ್ ಲೇಪನವೇ ಮುಖ್ಯ ಕಾರಣ.

ಲೇಪನದ ಸ್ವರೂಪ

ಇಲ್ಲಿ ಎನಾಮಲ್ ಎಂದರೆ ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಉಕ್ಕಿನ ಮೇಲೆ ಹರಡಿ, ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಕರಗಿಸಿ ಬೆಸೆಯಲಾಗುತ್ತದೆ. ಲೋಹಕ್ಕೆ ಭದ್ರವಾಗಿ ಅಂಟಲೆಂದು ತಳಪದರದಲ್ಲಿ ಕೋಬಾಲ್ಟ್, ನಿಕ್ಕಲ್‌ಗಳ ಆಕ್ಸೈಡ್‌ಗಳನ್ನು ಬೆರೆಸುವುದುಂಟು. ಎನಾಮಲ್ ತಟ್ಟೆ, ಲೋಟ, ಬೇಸಿನ್‌ಗಳ ಲೇಪನವೂ ಇದೇ ಬಗೆಯದು. ಕಿಟಕಿ, ಬಾಗಿಲುಗಳಿಗೆ ಬಳಿಯುವ ಎನಾಮಲ್ ಪೇಂಟಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಸಾಮ್ಯ. ಆ ಬಣ್ಣವು ಗ್ರಿಲ್‌ನ ಶಾಖಕ್ಕೆ ಸುಟ್ಟುಹೋಗುತ್ತದೆ.

ಚಕ್ಕೆ ಏಳಲು ಕಾರಣಗಳು

ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಆದರೆ ಪೆಟ್ಟನ್ನೂ ಬಾಗುವಿಕೆಯನ್ನೂ ತಾಳಲಾರದು. ಮುಚ್ಚಳ ನೆಲಕ್ಕೆ ಬೀಳುವುದು, ಬೋಲ್ಟುಗಳನ್ನು ಅತಿಯಾಗಿ ಬಿಗಿಯುವುದು, ಕಾದ ಮೈಮೇಲೆ ತಣ್ಣೀರು ಸುರಿಯುವುದು ಚಕ್ಕೆ ಏಳಲು ಸಾಮಾನ್ಯ ಕಾರಣಗಳು.

ಮುಚ್ಚಳದ ಒಳಭಾಗದಿಂದ ಉದುರುವ ಕಪ್ಪು ಹೊಪ್ಪಳೆಗಳನ್ನು ಎನಾಮಲ್ ಎಂದು ಭಾವಿಸುವುದುಂಟು. ಅವು ಹೆಚ್ಚಾಗಿ ಹೊಗೆ ಮತ್ತು ಜಿಡ್ಡು ಸೇರಿ ಗಟ್ಟಿಯಾದ ಕರಿ. ಅವುಗಳನ್ನು ಉಜ್ಜಿ ತೆಗೆದರೆ ಸಾಕು, ದುರಸ್ತಿ ಬೇಕಿಲ್ಲ.

ದುರಸ್ತಿಯ ವಿಧಾನ

ಹೊರಮೈ: ಗ್ರಿಲ್ ಪೂರ್ಣ ತಣ್ಣಗಾದ ಮೇಲೆ ಸಡಿಲವಾದ ಚೂರುಗಳನ್ನು ತೆಗೆಯಬೇಕು. ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ಜಿಡ್ಡನ್ನು ಸಾಬೂನು ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಬೇಕು. ಅನಂತರ ಹೆಚ್ಚಿನ ಶಾಖ ತಾಳುವ, ಸಿಲಿಕೋನ್ ಆಧಾರಿತ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಒಂದು ಪದರ ಒಣಗಿದ ಬಳಿಕವೇ ಇನ್ನೊಂದು. ಇಂತಹ ಬಣ್ಣಗಳು ಬಹುಮಟ್ಟಿಗೆ ಶಾಖ ತಗುಲಿದ ಮೇಲಷ್ಟೇ ಗಟ್ಟಿಯಾಗುವುದರಿಂದ, ಡಬ್ಬಿಯ ಮೇಲಿನ ಸೂಚನೆಯಂತೆ ಆಹಾರವಿಡದೆ ಗ್ರಿಲ್ ಅನ್ನು ಒಮ್ಮೆ ಕಾಯಿಸಬೇಕು. ಸ್ನಾನದ ತೊಟ್ಟಿ, ಸಿಂಕ್‌ಗಳ ದುರಸ್ತಿಗೆಂದು ಮಾರುವ ಎಪಾಕ್ಸಿ ಲೇಪಗಳು ಇದಕ್ಕೆ ತಕ್ಕವಲ್ಲ.

ಒಳಮೈ: ಬೆಂಕಿಗೂ ಆಹಾರದ ಹೊಗೆಗೂ ಒಡ್ಡಿಕೊಳ್ಳುವ ಒಳಮೈಗೆ ಬಣ್ಣ ಬಳಿಯಬಾರದು. ತುಕ್ಕು ತೆಗೆದು, ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿ ಕಾಯಿಸಿದರೆ, ಕಬ್ಬಿಣದ ಕಾವಲಿಯನ್ನು ಪಳಗಿಸುವಾಗ ಆಗುವಂತೆ, ಉಕ್ಕಿನ ಮೇಲೆ ರಕ್ಷಣೆಯ ಪದರ ಕಟ್ಟುತ್ತದೆ. ಈ ಪದರ ಸವೆಯುವುದರಿಂದ ಆಗಾಗ ಎಣ್ಣೆ ಸವರುವುದು ಅಗತ್ಯ.

ಜಾಲರಿ: ಆಹಾರವನ್ನು ನೇರವಾಗಿ ಇಡುವ ಜಾಲರಿಯ ಎನಾಮಲ್ ಚಕ್ಕೆಯೇಳುತ್ತಿದ್ದರೆ ದುರಸ್ತಿ ಮಾಡದೆ ಹೊಸದನ್ನು ಹಾಕುವುದೇ ಸರಿ. ಉದುರುವ ಚೂರುಗಳು ಗಾಜಿನವು. ಅವು ಆಹಾರದಲ್ಲಿ ಸೇರಿದರೆ ಕಣ್ಣಿಗೆ ಬೀಳದೆ ಬಾಯಿ, ಗಂಟಲುಗಳಿಗೆ ಗಾಯ ಮಾಡಬಲ್ಲವು.

ಮುನ್ನೆಚ್ಚರಿಕೆಗಳು

ಚೂರುಗಳು ಹರಿತವಾಗಿರುವುದರಿಂದ ಕೆಲಸದ ವೇಳೆ ಕೈಗವಸು ಮತ್ತು ಕನ್ನಡಕ ಧರಿಸಬೇಕು. ಬಣ್ಣ ಬಳಿಯುವುದು, ಕಾಯಿಸುವುದು ಎರಡೂ ಬಯಲಿನಲ್ಲೇ ನಡೆಯಬೇಕು. ಉರಿಯುವ ಇದ್ದಿಲು ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹೊರಸೂಸುತ್ತದೆ. ಮನೆಯೊಳಗೆ ಅಥವಾ ಮುಚ್ಚಿದ ವಾಹನಶಾಲೆಯಲ್ಲಿ ಅದು ಪ್ರಾಣಕ್ಕೇ ಅಪಾಯಕಾರಿ.

ದುರಸ್ತಿಯ ಮಿತಿ

ಬಳಿದ ಬಣ್ಣಕ್ಕೆ ಗಾಜಿನ ಗಡಸುತನವಾಗಲಿ ಬಾಳಿಕೆಯಾಗಲಿ ಇರುವುದಿಲ್ಲ. ಅದು ತುಕ್ಕನ್ನು ತಡೆಯುವ ತಾತ್ಕಾಲಿಕ ಹೊದಿಕೆ ಮಾತ್ರ. ನಿಜವಾದ ಮರುಲೇಪನಕ್ಕೆ ಹಳೆಯ ಎನಾಮಲ್ಲನ್ನು ಪೂರ್ತಿ ತೆಗೆದು, ಮತ್ತೆ ಕುಲುಮೆಯಲ್ಲಿ ಸುಡಬೇಕಾಗುತ್ತದೆ. ತುಕ್ಕು ಉಕ್ಕನ್ನು ತಿಂದು ತೂತು ಮಾಡಿದ್ದರೆ ಆ ಭಾಗವನ್ನೇ ಬದಲಾಯಿಸಬೇಕು.