ಕುಂಸಿ ಬಸ್ ಸ್ಟ್ಯಾಂಡ್, ಸಣ್ಣ ಕಾರು, ದೊಡ್ಡ ಸ್ಪೀಡು!

ಶಿವಮೊಗ್ಗದಲ್ಲಿ ಸಾಗರದ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಈ ಪತ್ರಿಕೆ ಬಿಚ್ಚಿ ಕೂತಿದ್ದೀರಾ? ಹಾಗಾದರೆ ಇನ್ನೇನು ನಮ್ಮೂರು ಬರುತ್ತೆ. ಆಯನೂರು ದಾಟಿದರೆ ಕುಂಸಿ. ಬಸ್ಸು ನಿಂತಾಗ ಟೀ ಅಂಗಡಿ ಬೆಂಚಿನ ಕಡೆ ಒಮ್ಮೆ ನೋಡಿ. ಭಾನುವಾರವಾದರೆ ಅಲ್ಲಿ ಇಬ್ಬರು ಕೂತಿರುತ್ತಾರೆ. ಅದರಲ್ಲಿ ಕಣ್ಣು ಮುಚ್ಚಿಕೊಂಡು ರಸ್ತೆಗೆ ಕಿವಿ ಕೊಟ್ಟವನು ನನ್ನ ಗೆಳೆಯ. ಇನ್ನೊಬ್ಬ ನಾನು. ಅವನು ಯಾಕೆ ಕಣ್ಣು ಮುಚ್ಚಿದ್ದಾನೆ ಅನ್ನೋದನ್ನ ಆಮೇಲೆ ಹೇಳುತ್ತೇನೆ.

ನಮ್ಮ ಹುಚ್ಚು ಶುರುವಾದದ್ದು ಐದನೇ ಕ್ಲಾಸಿನಲ್ಲಿ. ಊರಿನ ಹುಡುಗರು ಕ್ರಿಕೆಟ್ ಆಡುತ್ತಿದ್ದರೆ ನಾವಿಬ್ಬರು ಲಾಂಗ್ ನೋಟ್‌ಬುಕ್ ಹಿಡಿದು ಕಾರು ಲೆಕ್ಕ ಹಾಕುತ್ತಿದ್ದೆವು. ಜೋಗ ನೋಡೋಕೆ ಹೋಗೋರೆಲ್ಲ ನಮ್ಮ ಮುಂದೇ ಹಾದು ಹೋಗಬೇಕಲ್ಲ! ಕೆಎ 14 ಅಂದರೆ ಶಿವಮೊಗ್ಗ, 15 ಸಾಗರ, 17 ದಾವಣಗೆರೆ, 20 ಉಡುಪಿ. ಭೂಗೋಳದಲ್ಲಿ ಫೇಲಾದ ನನಗೆ ಕರ್ನಾಟಕದ ನಕ್ಷೆ ಕಲಿಸಿದ್ದು ನಂಬರ್ ಪ್ಲೇಟು. ದೊಡ್ಡ ಕಾರಿಗೆ ನಮ್ಮಲ್ಲಿ ಪಾಯಿಂಟ್ ಇಲ್ಲ. ದುಡ್ಡಿದ್ದರೆ ಯಾರು ಬೇಕಾದರೂ ದೊಡ್ಡ ಕಾರು ತಗೋತಾರೆ, ಅದರಲ್ಲೇನಿದೆ? ಸಣ್ಣದಾಗಿರಬೇಕು, ಆದರೆ ಓಡಬೇಕು! ಮಾರುತಿ 800ಕ್ಕೆ ಅರ್ಧ ಪಾಯಿಂಟ್, ಸ್ವಿಫ್ಟ್‌ಗೆ ಒಂದು, ಝೆನ್‌ಗೆ ಎರಡು. ಫಿಯಟ್ ಪಾಲಿಯೊ 1.6 ಬಂತೆಂದರೆ ಐದು. 2001ರಲ್ಲಿ ಬಂದ ಆ ಕಾರಿಗೆ ನೂರು ಕುದುರೆಯ ಶಕ್ತಿ. ಸಚಿನ್ ತೆಂಡೂಲ್ಕರ್ ಅದರ ಜಾಹೀರಾತಿಗೆ ನಿಂತಿದ್ದರು, ನೆನಪಿದೆಯಾ? ಆಮೇಲೆ 2013ರಲ್ಲಿ ಪೊಲೊ ಜಿಟಿ ಬಂತು. ಎಂಜಿನ್ ಬರೀ 1.2 ಲೀಟರು, ಟರ್ಬೊ ಜೋಡಿಸಿ 105 ಕುದುರೆ ಶಕ್ತಿ. ಅದಕ್ಕೆ ಹತ್ತು ಪಾಯಿಂಟ್ ಅಂತ ಬರೆದುಕೊಂಡೆವು. ಮೊದಲನೆಯದು ಬಂದಾಗ ಇಬ್ಬರೂ ಎದ್ದು ನಿಂತಿದ್ದೆವು!

ನಮ್ಮ ಅಪ್ಪಂದಿರ ಕಾಲದಲ್ಲಿ ಈ ಆಟಕ್ಕೆ ಜಾಗವೇ ಇರಲಿಲ್ಲ. ಅಂಬಾಸಿಡರ್ ಒಂದು, ಪ್ರೀಮಿಯರ್ ಪದ್ಮಿನಿ ಇನ್ನೊಂದು, ಅಪರೂಪಕ್ಕೆ ಸ್ಟ್ಯಾಂಡರ್ಡ್ ಹೆರಾಲ್ಡ್. ಪದ್ಮಿನಿಯ ಗೇರು ಸ್ಟೀರಿಂಗ್ ಪಕ್ಕದಲ್ಲಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿ ಕೊಟ್ಟರು ನೋಡಿ, ಅಲ್ಲಿಂದ ಕಥೆಯೇ ಬದಲು. 796 ಸಿಸಿ, ಮೂರು ಸಿಲಿಂಡರು. ಹಗುರ ಮೈ. ಪದ್ಮಿನಿ ಏದುಸಿರು ಬಿಡುವ ಕಡೆ ಇದು ಸುಯ್ಯನೆ ಹೋಗುತ್ತಿತ್ತು. ಹತ್ತು ವರ್ಷ ಬಿಟ್ಟು, 1993ರಲ್ಲಿ, ಝೆನ್. 993 ಸಿಸಿ, ನಾಲ್ಕು ಸಿಲಿಂಡರು, ಐವತ್ತು ಕುದುರೆ ಶಕ್ತಿ, ತೂಕ ಎಂಟುನೂರು ಕಿಲೋ ಕೂಡ ಇಲ್ಲ. ಐವತ್ತು ಅಂದರೆ ನಗಬೇಡಿ ಸ್ವಾಮಿ. ಹಗುರ ಮೈಗೆ ಐವತ್ತು ಸಾಕು, ಗಾಳಿಪಟಕ್ಕೆ ಬಾಲ ಸಿಕ್ಕಿದ ಹಾಗೆ. ಹೊಸ ಕಾರುಗಳೆಷ್ಟು ಬಂದರೂ ನನಗೆ ಈಗಲೂ ಝೆನ್ ಅಂದರೆ ಪ್ರಾಣ. ಪ್ರಾಣ ಅನ್ನೋ ಮಾತು ಬೇಕಂತಲೇ ಬರೆದಿದ್ದೇನೆ.

ಮಿಂಚಿನ ಓಟದ ಮೋಡಿ

ಸಿನಿಮಾ ಪತ್ರಿಕೆಯಲ್ಲಿ ಕಾರಿನ ಕಥೆ ಯಾಕಪ್ಪಾ ಅಂದಿರಾ? ನಮಗೆ ಕಾರು ಹಿಡಿಸಿದ್ದೇ ಸಿನಿಮಾ! 1980ರ ‘ಮಿಂಚಿನ ಓಟ’. ಕಾರು ಕದಿಯುವ ಕಳ್ಳರ ಕಥೆ. ಶಂಕರ್‌ನಾಗ್, ಅನಂತ್‌ನಾಗ್, ಲೋಕನಾಥ್ ಮೂವರು. ನಾವು ಹುಟ್ಟುವ ಎಷ್ಟೋ ವರ್ಷ ಮೊದಲಿನ ಚಿತ್ರ. ಗೆಳೆಯನ ಮಾವನ ಮನೆಯ ಸಿಡಿಯಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಶಂಕರಣ್ಣ ನಮಗೆ ದೂರದವರೂ ಅಲ್ಲ. ರೈಲಿನಲ್ಲಿ ಕುಂಸಿ ಬಿಟ್ಟರೆ ಅರಸಾಳು. ‘ಮಾಲ್ಗುಡಿ ಡೇಸ್’ನ ಸ್ಟೇಷನ್ ಅದೇ, 2020ರಲ್ಲಿ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಕೂಡ ಆಯಿತು. ಕುಂಸಿಯಲ್ಲಿ ವಯಸ್ಸಾದ ಯಾರನ್ನೇ ಕೇಳಿ, ಶಂಕರ್‌ನಾಗ್ ಕಾರು ನಮ್ಮ ಮುಂದೇ ಹೋಗಿದ್ದು ಅನ್ನುತ್ತಾರೆ. ಅರ್ಧಕ್ಕರ್ಧ ಬುರುಡೆ ಇರಬಹುದು. ನಾವು ಪೂರ್ತಿ ನಂಬಿದ್ದೆವು.

ಆಗ ನಮಗೆ ಒಂದು ಗುಟ್ಟು ಗೊತ್ತಿರಲಿಲ್ಲ. ಸಿನಿಮಾ ಕಾರುಗಳು ತೆರೆಯ ಮೇಲೆ ಓಡುವಷ್ಟು ಜೋರಾಗಿ ನಿಜಕ್ಕೂ ಓಡಬೇಕಾಗಿಲ್ಲ! ಟಾಕೀಸಿನಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಕ್ಯಾಮೆರಾದಲ್ಲಿ 16 ಫ್ರೇಮ್ ಮಾತ್ರ ಹಿಡಿದರೆ ನಲವತ್ತರಲ್ಲಿ ಹೋಗುವ ಕಾರು ತೆರೆ ಮೇಲೆ ಅರವತ್ತರಲ್ಲಿ ಹೋಗುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ ಇಟ್ಟರೆ ಇನ್ನೂ ಜೋರು. ಶಿಳ್ಳೆ ಹೊಡೆಯುವ ನಮಗೆ ಇದನ್ನು ಯಾರು ಹೇಳಬೇಕು?

1985ರಲ್ಲಿ ಅದೇ ಶಂಕರಣ್ಣ ‘ಆಕ್ಸಿಡೆಂಟ್’ ತೆಗೆದರು. ಹಾಡಿಲ್ಲ. ಇಳಯರಾಜ ಹಿನ್ನೆಲೆ ಸಂಗೀತ. ನಶೆಯಲ್ಲಿ ಕಾರು ಓಡಿಸಿದ ರಾಜಕಾರಣಿ ಮಗ, ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿ ಜನ, ಮುಚ್ಚಿಹಾಕುವ ದೊಡ್ಡವರು. ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ನಾವು ಅದನ್ನು ಒಂದೇ ಸಲ ನೋಡಿ ‘ಬೋರು ಕಣೋ’ ಅಂದು ಮತ್ತೆ ‘ಮಿಂಚಿನ ಓಟ’ ಹಾಕಿದೆವು. 1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದ ಶಂಕರಣ್ಣ ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ಹೋದರು. ಮೂವತ್ತೈದು ವರ್ಷ. ಅದೂ ನಮಗೆ ಗೊತ್ತಿತ್ತು. ಗೊತ್ತಿದ್ದೂ...

ಆ ದಿನ

ಗೆಳೆಯನ ಮಾವನ ಹತ್ತಿರ ಹಳೇ ಝೆನ್ ಇತ್ತು. ನಾನು ಸೆಕೆಂಡ್ ಪಿಯುಸಿ. ಗೆಳೆಯನಿಗೆ ಲೈಸೆನ್ಸ್ ಬಂದು ಎರಡು ತಿಂಗಳು. ನನಗೆ ಇರಲಿಲ್ಲ. ಕುಂಸಿಯಿಂದ ಆಯನೂರಿಗೆ ಎಷ್ಟು ನಿಮಿಷ ಅನ್ನೋದು ನಮ್ಮ ಪಂದ್ಯ. ಅವನು ಹೋಗುವಾಗ ಓಡಿಸಿದ. ವಾಪಸ್ ಬರುವಾಗ ‘ತಗೋ ಮಾರಾಯ, ನಿಂಗೂ ಒಂದ್ಸಲ ಆಗ್ಲಿ’ ಅಂತ ಸ್ಟೀರಿಂಗ್ ನನಗೆ ಕೊಟ್ಟ. ವಾಚು ಹಿಡಿದು, ಬಗ್ಗಿ ಸ್ಪೀಡೋಮೀಟರ್ ನೋಡೋಕೆ ಅಡ್ಡ ಅಂತ ಬೆಲ್ಟ್ ಬಿಚ್ಚಿದ.

‘ತೊಂಬತ್ತು... ತೊಂಬತ್ತೈದು... ನೂರು ಕಣೋ, ನೂರು!’

ಕೂಗಿದ್ದು ಅವನು. ತಿರುವಿನಲ್ಲಿ ಒಬ್ಬ ಮುದುಕಪ್ಪ, ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು, ಪಕ್ಕದ ಮಣ್ಣುರಸ್ತೆಯಿಂದ ಟಾರಿಗೆ ಹತ್ತುತ್ತಿದ್ದ. ಅವನದೇನೂ ತಪ್ಪಿಲ್ಲ. ಹಾಗೆ ಅವನು ದಿನಾ ಹತ್ತುತ್ತಿದ್ದ.

ನೂರರಲ್ಲಿ ಕಾರು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಹೋಗುತ್ತದೆ. ಅಯ್ಯೋ ಅನ್ನಿಸಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ ಒಂದು ಸೆಕೆಂಡು ಮುಗಿದಿರುತ್ತದೆ. ಬ್ರೇಕು ಒತ್ತಿದ ಮೇಲೂ, ಐವತ್ತರಲ್ಲಿ ನಿಲ್ಲೋಕೆ ಎಷ್ಟು ದೂರ ಬೇಕೋ ನೂರರಲ್ಲಿ ಅದರ ನಾಲ್ಕರಷ್ಟು ಬೇಕು, ಎರಡರಷ್ಟಲ್ಲ. ಇದು ಪಿಯುಸಿ ಫಿಸಿಕ್ಸ್ ಪುಸ್ತಕದಲ್ಲೇ ಇತ್ತು. ಹಳೇ ಝೆನ್‌ನಲ್ಲಿ ಎಬಿಎಸ್ ಇಲ್ಲ. ಬ್ರೇಕು ಗಟ್ಟಿಯಾಗಿ ಒತ್ತಿದರೆ ಚಕ್ರ ಕಚ್ಚಿಕೊಳ್ಳುತ್ತದೆ, ಚಕ್ರ ಕಚ್ಚಿದರೆ ಸ್ಟೀರಿಂಗ್ ಮಾತು ಕೇಳಲ್ಲ. ನಾನು ಎಡಕ್ಕೆ ಎಳೆದೆ, ಅದು ನೇರಕ್ಕೆ ಜಾರಿತು. ಹೆದರಿ ಬ್ರೇಕಿನಿಂದ ಕಾಲು ತೆಗೆದೆ ನೋಡಿ, ಥಟ್ಟನೆ ತಿರುಗಿ ರಸ್ತೆ ಬಿಟ್ಟು ಅಕೇಶಿಯಾ ಮರಕ್ಕೆ ಹೊಡೆಯಿತು. ಮುದುಕಪ್ಪನಿಗೆ ಏನೂ ಆಗಲಿಲ್ಲ. ಹಾಲು ಚೆಲ್ಲಿತು. ಅವನೇ ಮೊದಲು ಓಡಿ ಬಂದದ್ದು.

ನನಗೆ ಬೆಲ್ಟ್ ಇತ್ತು, ಭುಜ ತರಚಿತು ಅಷ್ಟೆ. ಗೆಳೆಯನ ಮುಖ ಗಾಜಿಗೆ ಹೋಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಬಲಗಣ್ಣು ಉಳಿಯಲಿಲ್ಲ.

ಮೂರನೇ ದಿನ ಮಾವ ಬಂದು ಕೇಳಿದರು, ಯಾರೋ ಓಡಿಸ್ತಿದ್ದದ್ದು? ಮುಖದ ತುಂಬ ಬ್ಯಾಂಡೇಜು ಸುತ್ತಿಕೊಂಡವನು ನನಗಿಂತ ಮುಂಚೆ ‘ನಾನೇ ಮಾವ’ ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆ ವರ್ಷ ಪರೀಕ್ಷೆಗೆ ನಾನು ಹೋಗಲಿಲ್ಲ. ಮುಂದಿನ ವರ್ಷವೂ ಇಲ್ಲ. ಮನೆಯವರು ಸಿನಿಮಾ ಹುಚ್ಚು ಅಂದುಕೊಂಡರು. ಅಂದುಕೊಳ್ಳಲಿ ಅಂತ ಬಿಟ್ಟೆ. ‘ಆಕ್ಸಿಡೆಂಟ್’ ಚಿತ್ರವನ್ನು ಎರಡನೇ ಸಲ ನೋಡಿದ್ದು ಆವಾಗ. ಕಾರು ಹತ್ತಿಸುವ ದೃಶ್ಯವನ್ನು ಹೇಗೋ ನೋಡಿಬಿಟ್ಟೆ. ಮುಚ್ಚಿಹಾಕುವ ದೃಶ್ಯಗಳು ಬಂದಾಗ ಕೂರೋಕಾಗಲಿಲ್ಲ, ಎದ್ದು ಹೊರಗೆ ಹೋದೆ.

ಸ್ಪೀಡು ಬೇಡ ಅನ್ನೋಕೆ ನನಗೆ ಯೋಗ್ಯತೆಯಿಲ್ಲ, ಅದರ ರುಚಿಯೂ ಹೋಗಿಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಡೇ ರ‍್ಯಾಲಿ ನಡೆಯುತ್ತಿತ್ತಲ್ಲ, ಅಲ್ಲಿ ಎಸ್ಟೇಟ್ ದಾರಿಗಳನ್ನು ಬಂದ್ ಮಾಡಿ ಓಡಿಸುತ್ತಿದ್ದರು. ಹೆಲ್ಮೆಟ್ಟು, ಮೈಬಿಗಿಯುವ ಬೆಲ್ಟು, ಕಾರಿನೊಳಗೆ ಕಬ್ಬಿಣದ ಪಂಜರ. ಪಕ್ಕದಲ್ಲಿ ಕೂತವನು ಪ್ರತಿ ತಿರುವನ್ನೂ ಮೊದಲೇ ಬರೆದಿಟ್ಟು ಓದಿ ಹೇಳುತ್ತಾನೆ. ಎದುರಿಗೆ ಹಾಲಿನವನು ಬರಲ್ಲ, ಅದೇ ಮುಖ್ಯ. ಕುಂಸಿ ರಸ್ತೆಯಂಥ ಕಡೆ ಕಾರಿಗೆ 70 ಅಂತ ಕೇಂದ್ರ ಸರ್ಕಾರ 2018ರಲ್ಲಿ ಮಿತಿ ಹಾಕಿತು. ನಮ್ಮ ಟೀ ಅಂಗಡಿ ಮುಂದೆ ಎಪ್ಪತ್ತಕ್ಕಿಂತ ಕಡಿಮೆಯಲ್ಲಿ ಹೋಗುವುದು ಬಸ್ಸು ಮಾತ್ರ, ಅದೂ ನಿಲ್ಲಿಸಬೇಕಲ್ಲ ಅಂತ!

ಈ ಲೇಖನ ಬರೆಯಲಾ ಅಂತ ಹೋದ ತಿಂಗಳು ಗೆಳೆಯನನ್ನು ಕೇಳಿದೆ. ‘ಬರಿ. ನನ್ನ ಹೆಸರು ಹಾಕ್ಬೇಡ, ನಿಂದು ಹಾಕು’ ಅಂದ. ಮೊದಲು ಮಾವನ ಮನೆಗೆ ಹೋದೆ. ಇಷ್ಟು ವರ್ಷ ಅಳಿಯನ ಕೈಗೆ ಸ್ಕೂಟರ್ ಕೀ ಕೂಡ ಕೊಡದವರು ಅವರು. ಎಲ್ಲ ಹೇಳಿದೆ. ಅವರು ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದರು. ಅರ್ಧ ಗಂಟೆ ಕಾದೆ. ಹೊರಗೆ ಬರಲಿಲ್ಲ. ಅತ್ತೆ ಕಾಫಿ ತಂದು ಕೊಟ್ಟು, ‘ಇವತ್ತು ಹೋಗಪ್ಪ’ ಅಂದರು.

ಒಂದು ಕಣ್ಣಿದ್ದರೆ ಬರುವ ಕಾರು ಎಷ್ಟು ದೂರದಲ್ಲಿದೆ ಅಂತ ಸರಿಯಾಗಿ ಗೊತ್ತಾಗಲ್ಲವಂತೆ. ಅದಕ್ಕೆ ಗೆಳೆಯ ಇದ್ದೊಂದು ಕಣ್ಣನ್ನೂ ಮುಚ್ಚಿ ಕಿವಿಯಲ್ಲೇ ಪಾಯಿಂಟ್ ಹಾಕುತ್ತಾನೆ. ಹೋದ ಭಾನುವಾರ ಆಯನೂರು ಕಡೆಯಿಂದ ಒಂದು ಸದ್ದು ಬಂತು.

‘ಝೆನ್’ ಅಂದ. ‘ಹಳೇದು. ಸೈಲೆನ್ಸರ್ ತೂತಾಗಿದೆ.’

ನಾನು ಎದ್ದು ನೋಡಿದೆ. ಝೆನ್ನೇ.

‘ಎಷ್ಟರಲ್ಲಿ ಬರ್ತಿದಾನೆ?’ ಅಂದೆ.

‘ಅರವತ್ತು’ ಅಂದ. ನೋಟ್‌ಬುಕ್ಕಿನಲ್ಲಿ ಎರಡು ಪಾಯಿಂಟ್ ಬರೆದುಕೊಂಡೆ.